ಎದೆಮಟ್ಟ

ಬೆಳಿಗ್ಗೆ ಎದ್ದಾಗಿನಿಂದ ಬೆಲ್ಮಿರುವಿಗೆ ಒಂದೇ ಕಿರಿಕಿರಿ. ಅಡುಗೆಮನೆಯ ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಈ ಕಿಟಕಿಯ ಮುಂದೆ ಕೂತು ಹಾಲುಕಾಫಿಯಲ್ಲಿ ಮೆಕ್ಕೆಜೋಳದ ಬ್ರೆಡ್ಡು ಅದ್ದಿ ತಿನ್ನತೊಡಗಿ ಮೂವತ್ತೆಂಟು ವರ್ಷವಾಗಿರಬೇಕು, ಎರಡು ತಿಂಗಳ ಹಿಂದಿನವರೆಗೆ ಒಂದು ದಿನವೂ ಲೋಂಬ ಗುಡ್ಡ ಹೀಗೆ ಕಂಡದ್ದಿಲ್ಲ. ಪೈನ್ ಮರಗಳಿದ್ದಾಗ ಅಲ್ಲಿ ಗುಡ್ಡವೊಂದಿದೆ ಎಂಬುದೇ ಮರೆತುಹೋಗಿತ್ತು. ಹಸಿರಿತ್ತು, ಗಾಳಿ ಬಂದಾಗ ಸದ್ದಿತ್ತು, ಅಷ್ಟೇ. ಆಗಸ್ಟಿನ ಬೆಂಕಿ ದಾಟಿಹೋದ ಮೇಲೆ ಅದರ ಬಂಡೆ, ಕೊರಕಲು, ಅಜ್ಜನ ಕಾಲದ ಗಾಡಿದಾರಿ, ಎಲ್ಲವೂ ಬಯಲಿಗೆ ಬಿದ್ದಿವೆ. ಆಸ್ಪತ್ರೆಯಲ್ಲಿ ಅಪ್ಪನ ಮೈ ಒರೆಸುವಾಗ, ನೋಡಬಾರದ್ದನ್ನು ನೋಡಿಬಿಟ್ಟೆನಲ್ಲ ಎಂದು ಮುಖ ತಿರುಗಿಸಿದ್ದು ನೆನಪಾಯಿತು. ಈಗಲೂ ತಿರುಗಿಸಿದ. ತಿರುಗಿಸಿದರೆ ಎದುರಿಗೆ ಹೆಂಡತಿ ಯೂಫೇಮಿಯ, ಕೈಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ.

“ಅದೇನು ಬಟ್ಟಲೊಳಗೆ ತಲೆ ಹಾಕ್ಕೊಂಡು ಕೂತಿದೀಯ ಮಾರಾಯ? ಎಂಜಿನಿಯರಮ್ಮ ಬರೋ ಹೊತ್ತಾಯ್ತು. ಏಳು, ಇದನ್ನ ಹಾಕ್ಕೊ.”

“ಮಸಿ ಗುಡ್ಡ ಹತ್ತೋಕೆ ಬಿಳಿ ಅಂಗಿ ಯಾಕೆ?”

“ಪೇಪರಲ್ಲಿ ಫೋಟೋ ಬಂದ ಗಂಡಸು ನೀನು. ಗುಡ್ಡ ಸುಟ್ಟಿತು ಅಂತ ನೀನೂ ಮಸಿ ಬಳ್ಕೊಂಡು ಓಡಾಡ್ಬೇಕಾ? ನಿನ್ನ ಅಳತೆ ಪುಸ್ತಕ ಇಲ್ದೇ ಹೋಗಿದ್ರೆ ಆ ಕಾಡು ಇತ್ತು ಅನ್ನೋದಕ್ಕೇ ಸಾಕ್ಷಿ ಇರ್ತಿರ್ಲಿಲ್ಲ ಅಂತ ಅವಳೇ ಫೋನಲ್ಲಿ ಹೇಳ್ಲಿಲ್ವಾ? ನಾನೇ ಕೇಳಿಸ್ಕೊಂಡೆ.”

ಯೂಫೇಮಿಯ ಹೇಳಿದ್ದು ನಿಜ. ನಿಜವಾದ್ದರಿಂದಲೇ ಬ್ರೆಡ್ಡನ್ನು ಬಟ್ಟಲಲ್ಲೇ ಬಿಟ್ಟು ಎದ್ದ. ಅಂಗಿ ಹಾಕಿಕೊಂಡ. ಗುಂಡಿ ಹಾಕುವಾಗ ಎದೆಯ ಹತ್ತಿರ ಬೆರಳು ತಡೆಯಿತು. ಎದೆ ಎಂಬ ಮಾತು ಹೊಳೆದರೆ ಸಾಕು, ಹನ್ನೊಂದು ವರ್ಷದಿಂದ ಅವನಿಗೆ ಹೀಗೇ ಆಗುತ್ತದೆ. ಪಾದ್ರಿಗಳು ಪ್ರಾರ್ಥನೆಯ ನಡುವೆ “ಎದೆ ಮುಟ್ಟಿಕೊಂಡು ಹೇಳಿ” ಎಂದಾಗ ಫೋಂತೆ ಸೆಕ ಹಳ್ಳಿಯ ಜನವೆಲ್ಲ ಭಕ್ತಿಯಿಂದ ಎದೆಗೆ ಕೈ ಒಯ್ದರೆ, ಇವನು ಮಾತ್ರ ತನ್ನ ಎದೆ ನೆಲದಿಂದ ಎಷ್ಟು ಮೇಲಿದೆ ಎಂದು ಯೋಚಿಸುತ್ತ ನಿಂತುಬಿಡುತ್ತಾನೆ.

ಲೋಂಬದಲ್ಲಿ ನಂಬರು ಹಾಕಿದ ಇನ್ನೂರ ಹನ್ನೆರಡು ಮರಗಳನ್ನು ಪ್ರತಿ ಫೆಬ್ರವರಿಯಲ್ಲಿ ಅಳೆಯುವುದು ಕಾಡಿನ ಗಾರ್ಡಿನ ಕೆಲಸ. ಬೆಲ್ಮಿರು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಸಹಾಯಕನಾಗಿ ಸೇರಿಕೊಂಡಾಗ ಗಾರ್ಡು ಆಗಿದ್ದವನು ಅಬೀಲಿಯು. ಎತ್ತರವೆಂದರೆ ಅವನದೇ ಎತ್ತರ, ಇಗರ್ಜಿಯ ಬಾಗಿಲಲ್ಲಿ ಟೋಪಿ ತೆಗೆಯುವುದರ ಜೊತೆಗೆ ತಲೆಯನ್ನೂ ಬಗ್ಗಿಸಬೇಕಾಗುತ್ತಿದ್ದ ಆಳು. ಅವನು ಮರಕ್ಕೆ ಟೇಪು ಸುತ್ತಿ “ತೊಂಬತ್ತೆರಡೂವರೆ!” ಎಂದು ಕೂಗುವುದು, ಇವನು ಪುಸ್ತಕದಲ್ಲಿ ಬರೆದು “ತೊಂಬತ್ತೆರಡೂವರೆ” ಎಂದು ಒಪ್ಪಿಸುವುದು. ಬೆಳಗಿನ ಮಂಜಿನಲ್ಲಿ ಆ ಎರಡು ದನಿಗಳ ಹೊರತು ಬೇರೇನೂ ಇರುತ್ತಿರಲಿಲ್ಲ. ಕೆಳಗಿನ ದಾರಿಯುದ್ದಕ್ಕೂ ಮಿಮೋಸ ಹಳದಿಯಾಗಿ ಹೂಬಿಟ್ಟಿರುತ್ತಿತ್ತು, ಬೆರಳಿಗೆ ಮೆತ್ತಿದ ರಾಳ ಸೋಪು ಹಾಕಿದರೂ ಹೋಗದೆ ರಾತ್ರಿಯ ಊಟಕ್ಕೂ ಅದೇ ವಾಸನೆ. ಹನ್ನೊಂದು ಗಂಟೆಗೆ ಅಬೀಲಿಯು ಬಂಡೆಯ ಮೇಲೆ ಕೂತು ಚೀಲದಿಂದ ಸಾಸೇಜು ತೆಗೆದು ಚಾಕುವಿನಲ್ಲಿ ಬಿಲ್ಲೆ ಬಿಲ್ಲೆ ಕೊಯ್ದು ಕೊಡುತ್ತಿದ್ದ. ಜೀವಮಾನದಲ್ಲಿ ತಾನು ಇಷ್ಟು ಸುಖವಾಗಿದ್ದದ್ದು ಇನ್ನೆಲ್ಲೂ ಇಲ್ಲ ಎಂದು ಬೆಲ್ಮಿರುವಿಗೆ ಗೊತ್ತು. ಯೂಫೇಮಿಯಳ ಮುಂದೆ ಹಾಗೆ ಹೇಳುವಂತಿಲ್ಲ, ಆ ಮಾತು ಬೇರೆ.

ನಿಯಮದ ಪುಸ್ತಕ ಹಳೆಯದು, ಇಲಿ ಕಡಿದದ್ದು. ಅದರಲ್ಲಿ ಓದಲು ಬರುತ್ತಿದ್ದ ಸಾಲು ಒಂದೇ: ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ ತೆಗೆಯತಕ್ಕದ್ದು. “ಎದೆಮಟ್ಟ ಅಂದ್ರೆ ಯಾರ ಎದೆ?” ಎಂದು ಮೊದಲ ವಾರವೇ ಬೆಲ್ಮಿರು ಕೇಳಿದ್ದ. ಅಬೀಲಿಯು ಕಾಡೆಲ್ಲ ಅದುರುವಂತೆ ನಕ್ಕು, “ಗಾರ್ಡಿನ ಎದೆ ಕಣೋ ಕುಳ್ಳ! ಕಾಡಿಗೆ ಒಬ್ನೇ ಗಾರ್ಡು, ಒಂದೇ ಎದೆ. ನಿಂದು ಮರದ ಬುಡ ಹುಡುಕೋ ಎದೆ” ಎಂದಿದ್ದ. ತನ್ನ ಎದೆಯ ನೇರಕ್ಕೆ ಪ್ರತಿ ಮರಕ್ಕೂ ನಂಬರಿನ ತಗಡು ಹೊಡೆದಿದ್ದವನೂ ಅವನೇ.

ಕಾರಿನ ಸದ್ದಾಯಿತು. ಬ್ರೀಜಿದ ಇಳಿದಳು. ವಿಶ್ವವಿದ್ಯಾಲಯದ ಕಾಡಿನ ಎಂಜಿನಿಯರು, ಮೂವತ್ತೈದರ ಆಚೀಚೆ, ಬೂಟಿಗೆ ಆಗಲೇ ಬೂದಿ ಮೆತ್ತಿತ್ತು. ಹೋದ ವಾರವೂ ಬಂದು ಸುಟ್ಟು ನಿಂತ ಮರಗಳನ್ನೆಲ್ಲ ಅಳೆದು ಹೋಗಿದ್ದಾಳೆ. ಇವತ್ತು ಪುಸ್ತಕದ ಮರಕ್ಕೂ ಗುಡ್ಡದ ಮರಕ್ಕೂ ತಾಳೆ ನೋಡುವುದು ಬಾಕಿ, ಅದಕ್ಕೆ ಬೆಲ್ಮಿರು ಜೊತೆಗಿರಬೇಕು. ಯೂಫೇಮಿಯ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು, ಮಧ್ಯಾಹ್ನ ಊಟಕ್ಕೆ ಇಲ್ಲೇ ಎಂದು ಅಪ್ಪಣೆ ಕೊಟ್ಟು, ಗಂಡನ ಕಾಲರು ಸರಿಮಾಡಿ ಕಳಿಸಿದಳು.

ಗುಡ್ಡ ಹತ್ತುವಾಗ ಬ್ರೀಜಿದ ಮುಂದೆ, ಇವನು ಹಿಂದೆ. ಮೊದಲ ಮಳೆ ಬಿದ್ದಿತ್ತು. ಬೂದಿ ನೆನೆದು ಕಪ್ಪು ಗಸಿಯಾಗಿ ಕಾಲಿಗೆ ಹತ್ತುತ್ತಿತ್ತು, ಅಲ್ಲಲ್ಲಿ ಜರೀಗಿಡ ನಾಚಿಕೆಯಿಲ್ಲದೆ ಹಸಿರಾಗಿ ತಲೆಯೆತ್ತಿತ್ತು. ಬೆಲ್ಮಿರುವಿಗೆ ವಾಸನೆಗಿಂತ ಹೆಚ್ಚು ಹಿಂಸೆಯಾದದ್ದು ಸದ್ದು. ತನ್ನ ಏದುಸಿರು ತನಗೇ ಕೇಳುತ್ತಿತ್ತು. ಬೆಂಕಿಯ ದಿನ ಅಗ್ನಿಶಾಮಕದವರು ಇವನನ್ನು ಸೇತುವೆಯ ಹತ್ತಿರವೇ ತಡೆದು ನಿಲ್ಲಿಸಿದ್ದರು. “ಅಜ್ಜಾ, ಎಲ್ಲಿಗೆ ಹೋಗ್ತೀರಿ?” ಎಂದು ಒಬ್ಬ ಭುಜ ಹಿಡಿದಾಗ, “ನನ್ನ ಮರ ನೋಡೋಕೆ” ಎಂದಿದ್ದ. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಆವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಹತ್ತಿಕೊಂಡದ್ದು ಐದು ಗಂಟೆಗೆ ಮುಗಿದೇ ಹೋಗಿತ್ತು.

“ಇದೇ ನನಗೆ ನಿದ್ದೆ ಕೊಡ್ತಿಲ್ಲ ಬೆಲ್ಮಿರು ಅವ್ರೇ,” ಎಂದಳು ಬ್ರೀಜಿದ, ನಿಂತು ನೀರು ಕುಡಿಯುತ್ತ. “ಮರ ದಪ್ಪ ಆಗೋದು ಅಂದ್ರೆ ಗಾಳೀಲಿರೋ ಇಂಗಾಲ ಎಳ್ಕೊಂಡು ಮೈ ಮಾಡ್ಕೊಳ್ಳೋದು. ಈ ಗುಡ್ಡ ನಲವತ್ತೈದು ವರ್ಷ ಕೂತು ನುಂಗಿದ್ದನ್ನ ಬೆಂಕಿ ಒಂದೇ ಮಧ್ಯಾಹ್ನ ವಾಪಸು ಕಕ್ಕಿಸ್ತು. ನಮ್ಮ ಹೊಗೆ ನುಂಗಲಿ ಅಂತ ಕಾಡು ಬೆಳೆಸ್ತೀವಿ, ಸೆಕೆ ಜಾಸ್ತಿಯಾಗಿ ಕಾಡೇ ಹೊಗೆಯಾಗ್ತದೆ, ಆ ಹೊಗೆಗೆ ಇನ್ನಷ್ಟು ಸೆಕೆ. ಎಲ್ಲಿಂದ ಹಿಡಿದು ಎಲ್ಲಿಗೆ ಬಿಡೋದು?”

ನುಂಗಿದ್ದು ಎಂಬ ಮಾತು ಬೆಲ್ಮಿರುವನ್ನು ಚುಚ್ಚಿತು. ನುಂಗಿದ್ದೆಷ್ಟು ಎಂದು ಅವಳಿಗೆ ಹೇಳಿರುವುದು ಇವನ ಪುಸ್ತಕ.

ಗುಡ್ಡದ ಮೇಲಿನ ಸಮತಟ್ಟಿನಲ್ಲಿ ಮರಗಳು ನಿಂತಿದ್ದವು, ಸತ್ತರೂ ಬೀಳಲು ಮನಸ್ಸು ಬಾರದವರಂತೆ. ಐವತ್ತೇಳನೆಯದರ ತಗಡು ಬಣ್ಣಗೆಟ್ಟಿದ್ದರೂ ಅಂಕಿ ಓದುವಂತಿತ್ತು. ಬ್ರೀಜಿದ ಸಹಜವಾಗಿ ತಗಡಿನ ಮೇಲೆ ಟೇಪು ಸುತ್ತಿದಳು. ಅವಳೂ ಎತ್ತರದ ಹೆಂಗಸು, ಅಬೀಲಿಯುವಿನ ತಗಡು ಅವಳಿಗೆ ಕುತ್ತಿಗೆಯ ಕೆಳಗೇ ಬಂತು. ಬೆಲ್ಮಿರುವಿಗೆ ಅದು ಹಣೆಯ ನೇರಕ್ಕಿತ್ತು.

“ನೋಡಿ, ಹೀಗೇ ಎಲ್ಲಾ ಮರದಲ್ಲೂ. ಫೆಬ್ರವರೀಲಿ ನೀವು ನೂರಾ ಮೂವತ್ತು ಬರ್ದಿದೀರಿ, ಈಗ ನೂರಾ ಹದಿನೇಳು. ಮೊದಲ ದಿನ ನನ್ನ ಎದೆ ಒಡ್ದೇ ಹೋಯ್ತು. ಆಮೇಲೆ ಹೊಳೀತು, ತೊಗಟೆ! ಈ ಜಾತಿಗೆ ಎರಡು ಬೆರಳು ದಪ್ಪ ತೊಗಟೆ ಇರ್ತದೆ, ಅದೆಲ್ಲ ಉರ್ದು ಹೋಗಿದೆ. ತೊಗಟೆ ಸುಟ್ಟದ್ದಕ್ಕೆ ಇಷ್ಟು ಅಂತ ಸೇರಿಸಿಬಿಟ್ರೆ ನಿಮ್ಮ ಪುಸ್ತಕಕ್ಕೆ ಸರಿಯಾಗಿ ಕೂತ್ಕೊಳ್ತದೆ.”

“ಕೂತ್ಕೊಳ್ತದಾ?” ಎಂದ ಬೆಲ್ಮಿರು.

“ಅಚ್ಚುಕಟ್ಟಾಗಿ.”

ಎರಡು ತಿಂಗಳಿಂದ ಅವನು ಇದೊಂದು ಗಳಿಗೆಗೆ ಹೆದರಿದ್ದ; ಗಳಿಗೆ ಬಂದು, ಟೋಪಿ ತೆಗೆದು ನಮಸ್ಕಾರ ಹೇಳಿ ಹೊರಟೇ ಹೋಗುತ್ತಿತ್ತು. ಬಾಯಿ ಬಿಡದಿದ್ದರೆ ಆಯಿತು. ಬೆಂಕಿ ಅವನ ಪಾಲಿಗೆ ಇಷ್ಟು ಉಪಕಾರ ಮಾಡಿದೆ ಎಂಬ ಯೋಚನೆ ಬಂದದ್ದೇ ಬೆಲ್ಮಿರುವಿಗೆ ತನ್ನ ಮೇಲೇ ಅಸಹ್ಯವಾಯಿತು. ಇನ್ನೂರ ಹನ್ನೆರಡು ಮರ ಸತ್ತು ನಿಂತಿವೆ, ನನಗೆ ತೊಗಟೆ ಸುಟ್ಟದ್ದರ ಸಮಾಧಾನ! ಅಬೀಲಿಯು ಇದ್ದಿದ್ದರೆ ಏನೆನ್ನುತ್ತಿದ್ದ? ಕುಳ್ಳ ಎನ್ನುತ್ತಿದ್ದ. ಎಲ್ಲದಕ್ಕೂ ಹಾಗೇ ಎನ್ನುತ್ತಿದ್ದ, ಪ್ರೀತಿಗೂ ಅದೇ ಬೈಗುಳಕ್ಕೂ ಅದೇ. ಕೊನೆಗೆ ಎದೆ ಬರೀ ಎಲುಬಿನ ಗೂಡಾಗಿ ಹಾಸಿಗೆ ಹಿಡಿದಾಗಲೂ, “ಈ ಸಲ ನೀನೇ ಅಳೀಬೇಕು ಕುಳ್ಳ. ಗಾರ್ಡು ಈಗ ನೀನು” ಎಂದು ಟೇಪನ್ನು ಕೈಗಿಟ್ಟಿದ್ದ. ಆ ಫೆಬ್ರವರಿಯಲ್ಲಿ ಬೆಲ್ಮಿರು ಮೊದಲ ಬಾರಿ ಒಬ್ಬನೇ ಬಂದು, ಇದೇ ಮರಗಳ ಮುಂದೆ ನಿಂತು, ತಗಡಿನ ಮೇಲೆ ಟೇಪು ಸುತ್ತಲು ತುದಿಗಾಲಿನಲ್ಲಿ ಎದ್ದು, ಮರವನ್ನು ತಬ್ಬಿ, ಮುಖವನ್ನು ತೊಗಟೆಗೆ ಒತ್ತಿ ಆಚೆಯಿಂದ ಬರುವ ಟೇಪಿನ ತುದಿಗೆ ತಡಕಾಡುತ್ತಿದ್ದಾಗ ಹಿಂದಿನಿಂದ ನಗೆ ಕೇಳಿಸಿತ್ತು. ರಾಳ ತುಂಬುವ ಹೆಂಗಸರು, ನಾಲ್ಕೈದು ಮಂದಿ, ತಲೆಯ ಮೇಲೆ ಡಬ್ಬಿ ಹೊತ್ತವರು. “ಅಯ್ಯೋ, ನೋಡ್ರೇ, ಮರಕ್ಕೆ ಮುತ್ತು ಕೊಡ್ತಿದಾನೆ!” ಎಂದಿತ್ತು ಒಂದು ದನಿ. “ಸ್ಟೂಲು ತಂದ್ಕೊಡ್ಲಾ ಸಾಹೇಬ್ರೇ?” ಎಂದು ಮತ್ತದೇ ದನಿ. ಕಿವಿಯ ತನಕ ಕೆಂಪಾಗಿ ತಿರುಗಿ ನೋಡಿದಾಗ ಎಲ್ಲರಿಗಿಂತ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದವಳು ಯೂಫೇಮಿಯ. ಅವಳನ್ನು ಮದುವೆಯಾಗಬೇಕೆಂದು ಅವನು ನಿಶ್ಚಯಿಸಿ ಆಗಲೇ ಒಂದು ವರ್ಷವಾಗಿತ್ತು. ಅವಳಿಗೆ ಇನ್ನೂ ತಿಳಿಸಿರಲಿಲ್ಲ, ಅಷ್ಟೇ.

ಅವರು ಹೋಗುವವರೆಗೂ ಪುಸ್ತಕದಲ್ಲಿ ಏನೋ ಗೀಚುತ್ತಿದ್ದು, ಹೋದ ಮೇಲೆ ಅಂಗಾಲು ನೆಲಕ್ಕೆ ಊರಿ, ಟೇಪನ್ನು ತನ್ನ ಎದೆಯ ನೇರಕ್ಕೆ ಸುತ್ತಿದ. ಕಾಡಿಗೆ ಒಬ್ಬನೇ ಗಾರ್ಡು, ಒಂದೇ ಎದೆ. ಗಾರ್ಡು ಈಗ ನಾನು. ಹೀಗೆ ಅಂದುಕೊಂಡಾಗ ಅವನಿಗೆ ಎಂಥ ನೆಮ್ಮದಿಯಾಗಿತ್ತೆಂದರೆ, ಮಿಕ್ಕ ಮರಗಳನ್ನು ಶಿಳ್ಳೆ ಹಾಕುತ್ತ ಅಳೆದು ಮುಗಿಸಿದ್ದ. ಬುಡದ ಕಡೆಗೆ ಬಂದಂತೆ ಮರ ದಪ್ಪ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಹಳ್ಳಿಯ ಮಗುವಿಗೂ ಗೊತ್ತು. ಗೊತ್ತಿರುವುದೆಲ್ಲ ಬೇಕಾದ ಹೊತ್ತಿಗೆ ಎದುರಿಗೆ ಬಂದು ನಿಲ್ಲುವುದಿಲ್ಲ. ಆ ವರ್ಷದ ಅಂಕಿ ನೋಡಿ ಪೇಟೆಯ ಆಫೀಸಿನವರು, ಹೊಸ ಗಾರ್ಡಿನ ಕೈಗುಣ ಚೆನ್ನಾಗಿದೆ, ಕಾಡು ಹುಲುಸಾಗಿದೆ ಎಂದು ಕಾಗದ ಬರೆದರು. ಆ ಕಾಗದ ಹಿಡಿದುಕೊಂಡೇ ಅವನು ಯೂಫೇಮಿಯಳ ಅಪ್ಪನ ಮನೆಗೆ ಹೋಗಿದ್ದ.

“ಇನ್ನೂ ನಿಮಗೆ ಮುಖ್ಯವಾದ್ದು ಹೇಳಿಲ್ಲ,” ಎಂದಳು ಬ್ರೀಜಿದ. ಅವಳ ಮುಖದಲ್ಲಿ ಉಡುಗೊರೆ ಕೊಡುವವರ ಸಂಭ್ರಮವಿತ್ತು. “ಕೆಳಗೆ ಹಳ್ಳದ ಪಕ್ಕ ನಂಬರಿಲ್ಲದ ಹನ್ನೊಂದು ಮರ ಉಳ್ಕೊಂಡಿವೆ ಅಲ್ವಾ? ಅದರ ಬೀಜ ತೆಗೀತಿದೀವಿ. ಸುತ್ತಲ ಗುಡ್ಡದ ಮರ ಎಲ್ಲ ಬರದ ವರ್ಷಗಳಲ್ಲಿ ಬೆಳೆಯೋದೇ ನಿಲ್ಲಿಸ್ತು, ನಿಮ್ಮ ಲೋಂಬ ಒಂದೇ ಬೆಳೀತಾ ಹೋಯ್ತು. ಮಳೆ ಬರಲಿ ಬಿಡಲಿ, ವರ್ಷ ವರ್ಷ ದಪ್ಪ. ಈ ತಳಿಯಲ್ಲಿ ಏನೋ ಇದೆ. ಸುಟ್ಟ ಗುಡ್ಡಗಳಿಗೆಲ್ಲ, ಇಡೀ ಜಿಲ್ಲೆಗೆ, ಲೋಂಬ ಪೈನೇ ನೆಡೋದು ಅಂತ ತೀರ್ಮಾನ ಆಗ್ತಿದೆ. ಸೋಮವಾರ ನಾನು ವರದಿ ಕೊಡ್ಬೇಕು. ಮೊದಲ ಪುಟದಲ್ಲಿ ನಿಮ್ಮ ಹೆಸರು, ಅಬೀಲಿಯು ಅವ್ರ ಹೆಸರು.”

ಅವನು ಐವತ್ತೇಳನೆಯ ಮರಕ್ಕೆ ಕೈ ಊರಿದ. ಅಂಗೈಗೆ ಮಸಿಯಾಯಿತು. ಇಡೀ ಜಿಲ್ಲೆ. ಫೋಂತೆ ಸೆಕದಿಂದ ನದಿಯವರೆಗೆ, ನದಿಯಾಚೆ ಯಾರ ಯಾರದೋ ಊರ ನೆತ್ತಿಯ ಮೇಲೆಲ್ಲ ಈ ಮರಗಳು. ಇವು ಹೇಗೆ ಬದುಕಿದ್ದವೆಂದು ಅವನ ಕಣ್ಣಿಗೆ ಗೊತ್ತಿತ್ತು. ಜೂನ್ ತಿಂಗಳಲ್ಲೇ ಸೂಜಿ ಎಲೆ ಕಂದಾಗಿ ಉದುರುತ್ತಿತ್ತು, ಮೇಲಿನ ಕೊಂಬೆಗಳ ನಡುವೆ ಆಕಾಶ ಹೆಚ್ಚಾಗುತ್ತ ಬಂದಿತ್ತು, ಹಿಂದೆ ತಾನಾಗಿ ಇಳಿಯುತ್ತಿದ್ದ ರಾಳ ಗಾಯ ಮಾಡಿದರೂ ಬರುತ್ತಿರಲಿಲ್ಲ. ಟೇಪು ಸುತ್ತಿದರೆ ಮಾತ್ರ ಹೋದ ವರ್ಷಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚು. ಆಗ ಮನಸ್ಸು ತಣ್ಣಗಾಗಿ, ನನ್ನ ಕಣ್ಣಿಗೇ ಮುಪ್ಪು ಬಂದಿದೆ, ಮರಕ್ಕೇನೂ ಆಗಿಲ್ಲ ಎಂದುಕೊಂಡು ಇಳಿದು ಬರುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಆಫೀಸಿನಿಂದ ಎಲ್ಲ ಗಾರ್ಡುಗಳಿಗೂ ಒಂದೊಂದು ಕೋಲು ಬಂತು. ಕೋಲಿಗೆ ಒಂದು ಮೀಟರು ಮೂವತ್ತರ ಹತ್ತಿರ ಕೆಂಪು ಗೀಟು, ಜೊತೆಗೆ ಚೀಟಿ: ಎದೆಮಟ್ಟ ಎಂದರೆ ಇದು, ಎಲ್ಲರಿಗೂ ಎಲ್ಲ ಕಾಲಕ್ಕೂ. ಕೋಲನ್ನು ಪಕ್ಕಕ್ಕೆ ನಿಲ್ಲಿಸಿ ನೋಡಿಕೊಂಡರೆ ಗೀಟು ಅವನ ಗಂಟಲಿಗಿಂತ ಮೇಲೆ ಬಂದಿತ್ತು. ಬರದಲ್ಲೂ ಬೆಳೆಯುವ ಕಾಡಿನ ಗಾರ್ಡು ಎಂದು ಪೇಪರಿನಲ್ಲಿ ಅವನ ಫೋಟೋ ಬಂದು ಆಗ ಮೂರೇ ವಾರವಾಗಿತ್ತು. ಆ ಕೋಲಿಗೆ ಹುರುಳಿಕಾಯಿ ಬಳ್ಳಿ ಹಬ್ಬಿಸಿದ.

“ಎಂಜಿನಿಯರಮ್ಮ,” ಎಂದ. ಅವಳು ತಿರುಗುವಷ್ಟರಲ್ಲಿ ಮತ್ತೆ ಕರೆದ. “ಎಂಜಿನಿಯರಮ್ಮ, ತೊಗಟೆ ಅಲ್ಲ ಅದು.”

“ಏನು?”

“ತಗಡಿನ ಹತ್ರ ಅಳೆದದ್ದು ಅಬೀಲಿಯು. ನಾನು ಅಲ್ಲಿ ಅಳೀಲೇ ಇಲ್ಲ. ಇಲ್ಲಿ ಅಳೀತಿದ್ದೆ.” ತನ್ನ ಎದೆಯಿಂದ ಮರಕ್ಕೆ ಬೆರಳನ್ನು ನೇರವಾಗಿ ಚಾಚಿ ತೋರಿಸಿದ. ತಗಡಿಗೂ ಬೆರಳಿಗೂ ನಡುವೆ ಒಂದು ಮೊಳದಷ್ಟು ಅಂತರವಿತ್ತು. ಬ್ರೀಜಿದ ಬೆರಳನ್ನು ನೋಡಿದಳು, ತಗಡನ್ನು ನೋಡಿದಳು. ಬಗ್ಗಿ, ಬೆರಳಿದ್ದಲ್ಲಿ ಟೇಪು ಸುತ್ತಿದಳು. ಸುತ್ತಿದವಳು ಎದ್ದು ನಿಲ್ಲಲಿಲ್ಲ.

“ಯಾವಾಗಿಂದ?”

“ಗಾರ್ಡಾದಾಗಿಂದ. ಮೂವತ್ತೊಂಬತ್ತು ವರ್ಷ.”

“ತಪ್ಪು ಅಂತ ಗೊತ್ತಾಗಿದ್ದು ಯಾವಾಗ?”

ಇದನ್ನು ಅವಳು ಕೇಳದಿರಲಿ ಎಂದು ಅವನು ಹಾರೈಸುತ್ತಿದ್ದ. “ಹನ್ನೊಂದು ವರ್ಷ ಆಯ್ತು.”

“ಹನ್ನೊಂದು ವರ್ಷ!” ಅವಳು ಎದ್ದಳು, ಮುಖ ಬಿಳಿಚಿತ್ತು. “ನಾಲ್ಕು ವರ್ಷದಿಂದ ನಿಮ್ಮ ಅಂಕಿ ತಲೆ ಮೇಲೆ ಹೊತ್ಕೊಂಡು ಊರೂರು ತಿರುಗಿದೀನಿ ನಾನು. ಲೋಂಬ ನೋಡಿ, ಲೋಂಬ ನೋಡಿ ಅಂತ ಎಲ್ಲರ ಹತ್ರ ಜಗಳ ಆಡಿದೀನಿ. ನಿಮ್ಮ ಮನೇಲಿ ಎಷ್ಟು ಸಲ ಊಟ ಮಾಡಿಲ್ಲ? ಒಂದ್ಸಲ, ಒಂದೇ ಒಂದ್ಸಲ ಹೇಳ್ಬೇಕು ಅನ್ನಿಸ್ಲಿಲ್ವಾ?”

“ಪ್ರತಿ ಸಲಾನೂ ಅನ್ನಿಸ್ತು.”

“ಮತ್ತೆ?”

ಮತ್ತೇನು ಹೇಳುವುದು? ನೀವು ಉಣ್ಣುವಾಗ ಯೂಫೇಮಿಯ ನನ್ನನ್ನು ನೋಡುತ್ತಿದ್ದ ನೋಟ ತಪ್ಪಿಹೋಗುತ್ತಿತ್ತು ಎನ್ನಲೇ? ಅಂಕಿಯನ್ನು ತಿದ್ದಿದರೆ ಮರಗಳಿಗೆ ಕಾಯಿಲೆ ಎಂದು ಒಪ್ಪಿಕೊಂಡಂತಾಗುತ್ತಿತ್ತು, ಅದನ್ನು ಒಪ್ಪಿಕೊಳ್ಳಲು ಜೀವ ಬರಲಿಲ್ಲ ಎನ್ನಲೇ? ಎರಡೂ ನಿಜವಾಗಿತ್ತು. ಅಬೀಲಿಯು ಸತ್ತ ಮೇಲೆ ಫೆಬ್ರವರಿ ಬಂದಾಗಲೆಲ್ಲ, ಇವನು ಮರದ ಅಳತೆಯನ್ನು ಗಟ್ಟಿಯಾಗಿ ಕೂಗಿ ತಾನೇ ಬರೆದುಕೊಂಡು ತಾನೇ ಒಪ್ಪಿಸುತ್ತಿದ್ದ. ಅಂಕಿ ಏರಿದಾಗಲೆಲ್ಲ ಆ ದೊಡ್ಡ ಆಳು ಬಂಡೆಯ ಮೇಲೆ ಕೂತು ಭೇಷ್ ಎಂದಂತೆ ಅನ್ನಿಸುತ್ತಿತ್ತು. ಇಂಥದ್ದನ್ನೆಲ್ಲ ಓದಿದ ಹೆಣ್ಣುಮಗಳಿಗೆ ಹೇಳಲಾಗುತ್ತದೆಯೇ?

ಬ್ರೀಜಿದ ಸ್ವಲ್ಪ ದೂರ ಹೋಗಿ ಬೆನ್ನು ಹಾಕಿ ನಿಂತಳು. ಇನ್ನಷ್ಟು ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಚೀಲದಿಂದ ಕಾಗದ ತೆಗೆದು, ಬಂಡೆಯ ಮೇಲಿಟ್ಟು ಏನೋ ಗುಣಿಸಿ ಭಾಗಿಸಿ, ಮೆಲ್ಲಗೆ ಅವಳ ಭುಜ ಸಡಿಲವಾದದ್ದು ಇವನಿಗೆ ಕಂಡಿತು. ತಿರುಗಿ ಬಂದಾಗ ದನಿ ಬೇರೆಯಾಗಿತ್ತು.

“ಅಷ್ಟೇನೂ ಕೆಟ್ಟಿಲ್ಲ. ಕೇಳಿ. ನೀವು ಗಾರ್ಡಾದ ವರ್ಷ ಅಂಕಿ ಒಂದೇ ಸಲ ಜಿಗಿದದ್ದು, ಅದೊಂದು ಸುಳ್ಳು. ಅದನ್ನ ಕಳೆದುಬಿಡೋಣ. ಆಮೇಲೆ ಮೂವತ್ತೊಂಬತ್ತು ವರ್ಷಾನೂ ನೀವು ಒಂದೇ ಕಡೆ ಅಳೆದಿದೀರಿ ಅಲ್ವಾ? ತಪ್ಪಾದ ಜಾಗವಾದ್ರೂ ಜಾಗ ಒಂದೇ. ಅಂದ ಮೇಲೆ ವರ್ಷ ವರ್ಷದ ಬೆಳವಣಿಗೆ ನಿಜವೇ. ಬರದಲ್ಲಿ ಬೆಳೆದದ್ದೂ ನಿಜವೇ. ಬೀಜದ ಕೆಲಸ ನಿಲ್ಲಿಸ್ಬೇಕಾಗಿಲ್ಲ. ದೇವರು ದೊಡ್ಡವನು!”

ಅವಳು ನಕ್ಕಳು. ಅವನಿಗೂ ನಗು ಬಂತು, ತುಟಿಯ ತನಕ. ಒಮ್ಮೆ ತಪ್ಪೊಪ್ಪಿಕೊಂಡದ್ದಾಯಿತು, ಬೈಸಿಕೊಂಡದ್ದಾಯಿತು, ಕ್ಷಮೆಯೂ ಸಿಕ್ಕಿತು. ಮನುಷ್ಯ ಇನ್ನೆಷ್ಟು ಮಾಡಬೇಕು? ಇಳಿದು ಹೋಗಿ ಕೋಸಿನ ಸೂಪು ಕುಡಿಯಬಹುದು. ಸೋಮವಾರ ಮೊದಲ ಪುಟದಲ್ಲಿ ಹೆಸರು. ಅವನು ಅಂಗೈಯ ಮಸಿಯನ್ನು ಪ್ಯಾಂಟಿಗೆ ಒರೆಸಲು ಬಗ್ಗಿದ. ಬಗ್ಗಲೇನೂ ಬೇಕಾಗಿರಲಿಲ್ಲ, ಆಗಲೇ ಬಗ್ಗಿಯೇ ಇದ್ದ. ನಡು ಚಳಕ್ಕೆಂದಿತು. ಹಾಗೆ ನೋವು ಬಂದ ಕ್ಷಣದಲ್ಲೇ, ಇಷ್ಟು ವರ್ಷವೂ ಮನಸ್ಸಿನ ಬಾಗಿಲಲ್ಲಿ ನಿಂತಿದ್ದು ಒಳಗೆ ಕರೆಯದೆ ಬಿಟ್ಟಿದ್ದ ಇನ್ನೊಂದು ಮಾತು ಒಳಕ್ಕೆ ಬಂದೇಬಿಟ್ಟಿತು. ಮದುವೆಯ ಫೋಟೋದಲ್ಲಿ ಅವನು ಗಿಡ್ಡನಾದರೂ ಗೂಟದಂತೆ ನೆಟ್ಟಗಿದ್ದಾನೆ. ಯಾವ ವರ್ಷದಿಂದ ಬೆನ್ನು ಬಾಗಿತು? ಮೊದಲ ಬರದ ವರ್ಷ, ಹಳ್ಳದಿಂದ ನೀರು ಹೊತ್ತಾಗಲೇ? ಒಂದೊಂದು ಫೆಬ್ರವರಿಗೂ ಎದೆ ಒಂದಿಷ್ಟು ಕೆಳಗೆ. ಕೆಳಗೆ ಬಂದಂತೆ ಮರ ಒಂದಿಷ್ಟು ದಪ್ಪ.

“ನನ್ನ ಎದೆ ಒಂದೇ ಕಡೆ ನಿಲ್ಲಲಿಲ್ಲ, ಎಂಜಿನಿಯರಮ್ಮ,” ಎಂದ.

ಅವಳಿಗೆ ಅರ್ಥವಾಗಲಿಲ್ಲ.

“ನನ್ನ ನೋಡಿ. ಮೊದಲು ಹೀಗಿದ್ನಾ ನಾನು? ಬೆನ್ನು ಬಗ್ತಾ ಬಂತು. ವರ್ಷ ವರ್ಷ ಬಗ್ತು. ನಾನು ಬಗ್ಗಿದಷ್ಟೂ ಟೇಪು ಬುಡಕ್ಕೆ ಇಳೀತು.” ಸುಟ್ಟ ಮರದ ಮೇಲೆ ಕೈಯಿಟ್ಟ. “ಬರದಲ್ಲಿ ಬೆಳೆದದ್ದು ಮರ ಅಲ್ಲ. ಮರ ಸುಮ್ನೆ ನಿಂತಿತ್ತು. ಕುಗ್ಗಿದ್ದು ನಾನು.”

ಅವಳು ಅವನನ್ನು ನೋಡಿದಳು. ನಾಲ್ಕು ವರ್ಷದ ಪರಿಚಯದಲ್ಲಿ ಅವಳು ತನ್ನನ್ನು ಹೀಗೆ ನೋಡಿದ್ದು ಇದೇ ಮೊದಲು ಎಂದು ಅವನಿಗನ್ನಿಸಿತು. ಇಷ್ಟು ದಿನ ಪುಸ್ತಕವನ್ನೇ ನೋಡುತ್ತಿದ್ದಳು. ಕುತ್ತಿಗೆ, ಭುಜ, ಬಾಗಿದ ನಡು, ಎಲ್ಲದರ ಮೇಲೂ ಅವಳ ಕಣ್ಣು ನಿಧಾನವಾಗಿ ಇಳಿದು ಬಂತು. ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದಳು.

“ಹಾಗಾದ್ರೆ ಎಷ್ಟೋ ವರ್ಷದಿಂದ ಈ ಕಾಡು ನುಂಗೋದನ್ನೇ ಬಿಟ್ಟಿತ್ತು,” ಎಂದಳು, ತನಗೇ ಹೇಳಿಕೊಳ್ಳುವಂತೆ. “ಬೆಂಕಿ ಬೀಳೋಕೆ ಮುಂಚೇನೇ. ಬಹುಶಃ ಒಳಗೆ ಎಳ್ಕೊಂಡದ್ದಕ್ಕಿಂತ ಹೊರಗೆ ಬಿಟ್ಟದ್ದೇ ಜಾಸ್ತಿ.” ನದಿಯ ಕಡೆ ನೋಡುತ್ತ, “ಇದನ್ನ ನೆಟ್ಟಿದ್ರೆ ಜಿಲ್ಲೆ ತುಂಬ ಒಣಸೌದೆ ನೆಟ್ಟ ಹಾಗಾಗ್ತಿತ್ತು” ಎಂದಳು.

ಇಳಿಯುವಾಗ ಬೆಲ್ಮಿರುವಿಗೆ ಅಳು ಬಂತು, ಮುಚ್ಚಿಡಲೂ ಇಲ್ಲ. ಮೂಗು ಒರೆಸಿಕೊಳ್ಳುತ್ತ ನಡೆದ. ಇನ್ನೂರ ಹನ್ನೆರಡು ಮರಗಳು ಆಗಸ್ಟಿನಲ್ಲಿ ಸತ್ತವೆಂದು ಎರಡು ತಿಂಗಳಿಂದ ದುಃಖಪಟ್ಟಿದ್ದ. ಈಗ ಅವು ತನ್ನ ಕಣ್ಣೆದುರೇ, ತಾನು ಶಿಳ್ಳೆ ಹಾಕುತ್ತ ಅಳೆಯುತ್ತಿದ್ದಾಗಲೇ ಸೊರಗುತ್ತಿದ್ದವೆಂದಾದರೆ ಆ ಎಲ್ಲ ಫೆಬ್ರವರಿಗಳನ್ನೂ ಮತ್ತೊಮ್ಮೆ ಕಳೆದುಕೊಂಡಂತೆ. ಬಾಯಾರಿಕೆ ಎಂದು ಅವು ಹೇಳಿದ್ದನ್ನು ಕೇಳಿಸಿಕೊಳ್ಳದೆ, ನೀನು ದಷ್ಟಪುಷ್ಟವಾಗಿದ್ದೀಯ ಎಂದು ಬರೆದುಕೊಂಡು ಬಂದಿದ್ದ.

ಯೂಫೇಮಿಯ ಇಬ್ಬರ ಮುಖ ನೋಡಿ, ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಿಟ್ಟಳು. ಹೇಳಿದವನು ಬೆಲ್ಮಿರುವೇ. ರಾಳದ ಹೆಂಗಸರು ನಕ್ಕದ್ದರಿಂದ ಹಿಡಿದು ಹುರುಳಿಕಾಯಿ ಬಳ್ಳಿಯ ತನಕ ಹೇಳಿದ. ಅವಳು ನಡುವೆ ಬಾಯಿ ಹಾಕಲಿಲ್ಲ, ಅವಳ ಮಟ್ಟಿಗೆ ಅದು ದೊಡ್ಡ ಸಂಗತಿ.

“ನಾನು ನಕ್ಕಿದ್ದಕ್ಕಾ?” ಎಂದಳು ಕೊನೆಗೆ.

“ನೀನೊಬ್ಳೇ ಅಲ್ಲ, ಎಲ್ಲರೂ ನಕ್ರು.”

“ಸುಳ್ಳು ಹೇಳ್ಬೇಡ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನು, ಚೆನ್ನಾಗಿ ನೆನಪಿದೆ. ನೀನು ತಿರುಗಿ ನೋಡ್ಲಿ ಅಂತಲೇ ನಕ್ಕಿದ್ದು, ಪೆದ್ದ! ಬೇರೆ ಹೇಗೆ ಕರೀಲಿ ನಿನ್ನ? ಮರ ಬಿಟ್ಟು ಬೇರೆ ಕಡೆ ನೋಡೋ ಗಂಡಸಾಗಿದ್ಯಾ ನೀನು?” ಏಪ್ರನಿನ ತುದಿಯಿಂದ ಕಣ್ಣೊತ್ತಿಕೊಂಡಳು. ಮೂವತ್ತೊಂಬತ್ತು ವರ್ಷ ಬೆಲ್ಮಿರು ಆ ನಗೆಯನ್ನು ತಪ್ಪಾಗಿ ಅಳೆದಿದ್ದ.

ಬ್ರೀಜಿದ ಚಮಚವನ್ನು ಸೂಪಿನಲ್ಲಿ ಆಡಿಸುತ್ತಿದ್ದಳು. “ಬೀಜ ನಿಲ್ಲಿಸೋಕೆ ಸೋಮವಾರದೊಳಗೆ ಇವ್ರ ಮಾತೊಂದೇ ಸಾಲದು,” ಎಂದಳು. “ಯಾವ ವರ್ಷ ಎದೆ ಎಲ್ಲಿತ್ತು ಅಂತ ಗೊತ್ತಾದ್ರೆ ಒಂದೊಂದು ಅಂಕಿನೂ ತಿದ್ದಬಹುದು. ಬರೀ ಸುಳ್ಳು ಅಂತ ಎಸೆಯೋದಕ್ಕಿಂತ, ಮರ ನಿಜವಾಗ್ಲೂ ಯಾವಾಗ ನಿಂತಿತು ಅಂತ ತೋರಿಸ್ಬಹುದು. ಆದ್ರೆ ಬ್ಯಾಂಕಿನ ಪಾಸ್‌ಬುಕ್ ಇಟ್ಟ ಹಾಗೆ ಮನುಷ್ಯ ಬೆನ್ನಿನ ದಾಖಲೆ ಇಡ್ತಾನಾ?”

“ಇವನ ಬೆನ್ನಿನ ದಾಖಲೆ ನನ್ನ ಹತ್ರ ಇದೆ,” ಎಂದಳು ಯೂಫೇಮಿಯ. “ಬನ್ನಿ ಇಲ್ಲಿ.”

ಹಿಂಬಾಗಿಲ ಪಕ್ಕದ ಗೋಡೆಯ ಮೇಲೆ ಅವನ ಕ್ಷೌರದ ಕನ್ನಡಿ. ಅವಳು ಕನ್ನಡಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಸುಣ್ಣದ ಗೋಡೆಯಲ್ಲಿ, ಈಗಿನ ಮೊಳೆಯ ಮೇಲೆ ಒಂದರ ಮೇಲೊಂದು ಹಳೆಯ ಮೊಳೆಯ ತೂತುಗಳು, ಏಳೋ ಎಂಟೋ. “ಕನ್ನಡೀಲಿ ಬರೀ ಹಣೆ ಕಾಣ್ತದೆ ಅಂತ ಗೊಣಗ್ತಿದ್ದ, ನಾನು ಇಳಿಸ್ತಿದ್ದೆ. ಇವನಿಗೆ ಗೊತ್ತೇ ಇರ್ಲಿಲ್ಲ, ಕಾಡಿಗೆ ಹೋದಾಗ ಹೊಡೀತಿದ್ದೆ. ಗೊತ್ತಾದ್ರೆ ಬೇಜಾರು ಮಾಡ್ಕೋತಾನೆ ಅಂತ. ಇದು ಮದುವೆ ವರ್ಷದ್ದು. ಇದು ಮಗಳು ಹುಟ್ಟಿದ ಮೇಲೆ. ಇದು ಬಾವಿ ಮೊದಲ ಸಲ ಬತ್ತಿದ್ದು ನೋಡಿ, ಆ ವರ್ಷ. ಇದು ಮಗಳ ಮದುವೆ. ಆಮೇಲಿಂದು ಮೂರು ಒಟ್ಟೊಟ್ಟಿಗೇ ಇವೆ, ಬೇಗ ಬೇಗ ಇಳೀತು.”

ಬ್ರೀಜಿದ ಗೋಡೆಯ ಮುಂದೆ ಮೊಣಕಾಲೂರಿ ಟೇಪು ಬಿಚ್ಚಿದಳು. ಒಂದೊಂದು ತೂತಿಗೂ ನೆಲದಿಂದ ಎಷ್ಟು ಎಂದು ಬರೆದುಕೊಂಡಳು. ಬೆಲ್ಮಿರು ತನ್ನ ಇಡೀ ಆಯುಸ್ಸು ಹೀಗೆ ಗೋಡೆಯುದ್ದಕ್ಕೂ ಇಳಿದು ಬಂದಿರುವುದನ್ನು ನೋಡುತ್ತ ನಿಂತ. ಯೂಫೇಮಿಯಳಿಗೆ ಎಲ್ಲ ಗೊತ್ತಿತ್ತು. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

“ಇದು ಕಣ್ಣಿನ ಎತ್ತರ,” ಎಂದಳು ಬ್ರೀಜಿದ. “ಕಣ್ಣಿಂದ ಎದೆಗೆ ಎಷ್ಟು ಅಂತ ಒಂದ್ಸಲ ನಿಮ್ಮನ್ನೇ ಅಳೀಬೇಕು ಬೆಲ್ಮಿರು ಅವ್ರೇ. ಗೋಡೆಗೆ ಒರಗಿ ನಿಲ್ತೀರಾ?”

ಅವನು ಹೋಗಿ ನಿಂತ. ಇಬ್ಬರು ಹೆಂಗಸರು ಎದುರಿಗೆ ನಿಂತು ನೋಡುತ್ತಿದ್ದರು. ನಿಂತದ್ದೇ ತಡ, ಅವನ ಮೈ ತಾನಾಗಿಯೇ ಸೆಟೆಯಿತು: ಗದ್ದ ಮೇಲೆದ್ದಿತು, ಎದೆ ಉಬ್ಬಿತು, ಹಿಮ್ಮಡಿ ನೆಲ ಬಿಟ್ಟಿತೋ ಎಂಬಂತಾಯಿತು. ನಡುವಿನಲ್ಲಿ ಈಟಿ ಇರಿದಂತೆ ನೋವು. ಹಲ್ಲು ಕಚ್ಚಿ ಹಿಡಿದುಕೊಂಡ. ಬ್ರೀಜಿದ ಟೇಪನ್ನು ಎದೆಗೆ ತಂದಳು. ಅವಳಿಗೆ ಏನು ತಿಳಿದೀತು, ಹೀಗೇ ಬರೆದುಕೊಳ್ಳುತ್ತಾಳೆ. ಯೂಫೇಮಿಯಳಿಗೆ ತಿಳಿದಿತ್ತು; ಆದರೂ ಈ ಸಲವೂ ಸುಮ್ಮನಿದ್ದಳು, ಬೇರೆ ಕಡೆ ನೋಡಿದಳು.

“ತಡೀರಿ,” ಎಂದ ಬೆಲ್ಮಿರು.

ಉಸಿರು ಬಿಟ್ಟ. ಹಿಮ್ಮಡಿ ನೆಲಕ್ಕೆ ಬಂತು, ಹೊಟ್ಟೆ ಮುಂದೆ ಬಂತು, ಭುಜ ಇಳಿದು ಕುತ್ತಿಗೆ ಚಾಚಿಕೊಂಡಿತು, ಎದೆ ತನ್ನ ಜಾಗಕ್ಕೆ ತಾನು ಕುಸಿದು ಕೂತಿತು. ಇಬ್ಬರು ಹೆಂಗಸರ ಎದುರಿಗೆ, ಹಾಡುಹಗಲಿನಲ್ಲಿ, ಅವನು ತಾನಿದ್ದಷ್ಟೇ ಎತ್ತರಕ್ಕೆ ನಿಂತುಕೊಂಡ.

“ಹ್ಞಾಂ, ಇಷ್ಟೇ ನಾನು,” ಎಂದ. “ಈಗ ಅಳೀರಿ.”